ಜಿಂಕೆಗೆ ಯಾವ ಕೋವಿ, ಆನೆಗೆ ಯಾವ ಕೋವಿ?

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಾರೋಹಳ್ಳಿಯನ್ನು ಮುಟ್ಟಿ, ಅಲ್ಲಿಂದ ಎಡಕ್ಕೆ ಹೊರಳಿ ಕೆಲವು ಮೈಲಿ ನಡೆದರೆ ರಾಗಿಯ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ ಮುಗಿದು ಕುರುಚಲು ಕಾಡು ಮೊದಲಾಗುತ್ತದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ವಲಯಗಳಲ್ಲಿ ಹಾರೋಹಳ್ಳಿಯ ವಲಯವೂ ಒಂದು. ಇನ್ನೂ ದಕ್ಷಿಣಕ್ಕೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದ ಸುತ್ತ, ಕಾವೇರಿ ವನ್ಯಧಾಮವಿದೆ. ಈ ಎರಡು ಕಾಡುಗಳ ನಡುವೆ ಓಡಾಡುವ ಆನೆಗಳಿಗೆ ಕಂದಾಯ ಇಲಾಖೆಯ ಎಲ್ಲೆಕಲ್ಲುಗಳು ಕಾಣುವುದಿಲ್ಲ. ರಾಗಿಯ ತೆನೆ ಬಲಿಯುವ ಕಾಲಕ್ಕೆ ಅವು ಹೊಲಕ್ಕೆ ಇಳಿಯುತ್ತವೆ. ರೈತರು ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಎಚ್ಚರವಿರುತ್ತಾರೆ.

ಅಂಥ ಒಂದು ಹಳ್ಳಿಯಲ್ಲಿ, ಹಿಂದಿನ ರಾತ್ರಿ ತಾನೇ ಆನೆ ತುಳಿದಿದ್ದ ಹೊಲವನ್ನು ನೋಡಿಕೊಂಡು ಬಂದು, ನಾವು ಒಬ್ಬ ಹಿರಿಯ ರೈತರ ಜಗಲಿಯಲ್ಲಿ ಕುಳಿತಿದ್ದೆವು. ಗೋಡೆಯ ಗೂಟಕ್ಕೆ ಅವರ ತಂದೆಯ ಕಾಲದ ಕೇಪಿನ ಕೋವಿಯೊಂದು ತೂಗುತ್ತಿತ್ತು. ಬಾಯಿಯಿಂದ ಮದ್ದು ತುಂಬುವ ಜಾತಿಯದು. ಬೆಳೆಯ ರಕ್ಷಣೆಗೆಂದು ಪರವಾನಿಗಿ ಪಡೆದದ್ದು. ಅವರ ಮೊಮ್ಮಗ ಕನಕಪುರದ ಕಾಲೇಜಿನಲ್ಲಿ ವಿಜ್ಞಾನದ ವಿದ್ಯಾರ್ಥಿ. ತೇಜಸ್ವಿಯವರು ಕನ್ನಡಕ್ಕೆ ತಂದಿರುವ ಕೆನೆತ್ ಆಂಡರ್ಸನನ ಕಾಡಿನ ಕಥೆಗಳನ್ನೆಲ್ಲ ಓದಿದ ಹುಡುಗ. ಅವನು ನಮ್ಮನ್ನು ಕೇಳಿದ: “ಸರ್, ಜಿಂಕೆಗೆ ಯಾವ ಕ್ಯಾಲಿಬರ್ ಬೇಕು? ಕಡವೆಗೆ, ಕಾಟಿಗೆ, ಆನೆಗೆ ಯಾವುದು? ಅದನ್ನು ಹೇಗೆ ಗೊತ್ತುಮಾಡುತ್ತಾರೆ?”

ನಾವು ಬಾಯಿ ತೆರೆಯುವ ಮೊದಲೇ ತಾತ ಉತ್ತರ ಕೊಟ್ಟರು: “ಪ್ರಾಣಿ ದೊಡ್ಡದಾದರೆ ಗುಂಡೂ ದೊಡ್ಡದು. ಅದರಲ್ಲಿ ಏನು ಲೆಕ್ಕ ಸ್ವಾಮಿ?”

ಲೆಕ್ಕ ಇದೆ. ಜಿಂಕೆಯನ್ನಾಗಲಿ ಆನೆಯನ್ನಾಗಲಿ ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆ ಹುಡುಗನೂ ಅದನ್ನು ಬಲ್ಲ. ಆದರೂ ಅವನ ಪ್ರಶ್ನೆ ಸತ್ತುಹೋದ ಪ್ರಶ್ನೆಯಲ್ಲ. ಅದು ಇಂದಿಗೂ ಅದೇ ಕಾಡಿನಲ್ಲಿ ಬೇರೊಂದು ವೇಷದಲ್ಲಿ ಬದುಕಿದೆ. ಹೇಗೆಂಬುದನ್ನು ಮುಂದೆ ನೋಡೋಣ. ಮೊದಲು ಹಳೆಯ ಲೆಕ್ಕ.

ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ, ಅಷ್ಟೆ. ರೈಫಲಿನ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಅದರಲ್ಲಿ ಸುರುಳಿಸುರುಳಿಯಾಗಿ ತೋಡುಗಳನ್ನು ಕೊರೆದಿರುತ್ತಾರೆ. ಗುಂಡು ಈ ತೋಡುಗಳನ್ನು ಕಚ್ಚಿಕೊಂಡು ಬುಗುರಿಯಂತೆ ಸುತ್ತುತ್ತ ಹೊರಬೀಳುತ್ತದೆ. ಸುತ್ತುವ ಬುಗುರಿ ಉರುಳದೆ ನಿಲ್ಲುವಂತೆ ಸುತ್ತುವ ಗುಂಡು ಮೂತಿಯನ್ನು ಮುಂದಿಟ್ಟುಕೊಂಡೇ ಸಾಗುತ್ತದೆ. ಇಂಗ್ಲಿಷರು ಈ ವ್ಯಾಸವನ್ನು ಅಂಗುಲದ ದಶಮಾಂಶದಲ್ಲಿ ಹೇಳುವರು. .405 ಎಂದರೆ ಒಂದು ಅಂಗುಲವನ್ನು ಸಾವಿರ ಪಾಲು ಮಾಡಿ ಅದರಲ್ಲಿ 405 ಪಾಲು. 25.4ರಿಂದ ಗುಣಿಸಿದರೆ ಮಿಲಿಮೀಟರಿನಲ್ಲಿ ಉತ್ತರ ಸಿಕ್ಕುತ್ತದೆ: 10.3. ಯೂರೋಪಿನ ಇತರರು ನೇರವಾಗಿ 7 ಮಿಲಿಮೀಟರ್, 8 ಮಿಲಿಮೀಟರ್ ಎನ್ನುವರು.

ಇದಕ್ಕಿಂತ ಹಳೆಯ ಕ್ರಮವೊಂದುಂಟು, ಮತ್ತು ಅದು ನಮ್ಮ ವಿದ್ಯಾರ್ಥಿಗಳಿಗೆ ಒಳ್ಳೆಯ ಲೆಕ್ಕವಾಗಬಲ್ಲುದು. ಹನ್ನೆರಡು ಬೋರಿನ ಕೋವಿ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಹನ್ನೆರಡು ಏನು? ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗೋಲಿಗಳಾಗಿ ಎರೆದರೆ ಒಂದೊಂದು ಗೋಲಿಯೂ ಆ ನಳಿಗೆಯಲ್ಲಿ ಸರಿಯಾಗಿ ಕೂರುತ್ತದೆ ಎಂದರ್ಥ. ಒಂದು ಪೌಂಡು 453.6 ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಭಾಗಿಸಿದರೆ ಪೌಂಡು ಸೀಸದ ಗಾತ್ರ ಸರಿಯಾಗಿ 40 ಘನ ಸೆಂಟಿಮೀಟರ್! ಇಷ್ಟು ಸೊಗಸಾದ ಸಂಖ್ಯೆ ಆಕಸ್ಮಿಕವಾಗಿ ಬಂದಿದೆ, ಉಪಯೋಗಿಸಿಕೊಳ್ಳೋಣ. ಹನ್ನೆರಡರ ಗೋಲಿ 3.33 ಘನ ಸೆಂಟಿಮೀಟರ್. ಗೋಲದ ಸೂತ್ರದಿಂದ ವ್ಯಾಸ 18.5 ಮಿಲಿಮೀಟರ್. ಎಂಟರದು 21.2, ನಾಲ್ಕರದು 26.7. ಬೋರಿನ ಸಂಖ್ಯೆ ಇಳಿದಂತೆಲ್ಲ ನಳಿಗೆ ದಪ್ಪವಾಗುತ್ತದೆ. ಎಂಟರಿಂದ ನಾಲ್ಕಕ್ಕೆ ಇಳಿದಾಗ ಗುಂಡಿನ ತೂಕ ಎರಡರಷ್ಟಾದರೂ ವ್ಯಾಸ ಬೆಳೆಯುವುದು ಕಾಲು ಪಾಲು ಮಾತ್ರ, ಎರಡರ ಘನಮೂಲದಷ್ಟು.

ನಾಲ್ಕು ಬೋರಿನ ಕೋವಿ ನಮ್ಮ ನಾಡಿಗೆ ಹೊರಗಿನ ವಸ್ತುವೇನಲ್ಲ. ಮೈಸೂರು ಸಂಸ್ಥಾನದಲ್ಲಿ ನೀರಾವರಿಯ ಕಾಲುವೆಗಳ ಅಧಿಕಾರಿಯಾಗಿ ಬಂದು, ಮುಂದೆ ಖೆಡ್ಡಾಗಳ ಮೇಲ್ವಿಚಾರಕನಾದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇಲ್ಲಿನ ಕಾಡುಗಳಲ್ಲಿ ಕಳೆದ ಹದಿಮೂರು ವರ್ಷಗಳ ಅನುಭವವನ್ನು ಬರೆದಿದ್ದಾನೆ. ಆನೆಗೂ ಕಾಟಿಗೂ ಅವನು ನೆಚ್ಚಿದ್ದು ನಾಲ್ಕು ಮತ್ತು ಎಂಟು ಬೋರಿನ ಭಾರೀ ಕೋವಿಗಳನ್ನೇ. ಹೊರಲು ಒಬ್ಬ ಆಳು ಬೇಕು. ಹಾರಿಸಿದವನ ಹೆಗಲು ಉಳಿದರೆ ಪುಣ್ಯ. ಹೀಗಿದ್ದರೂ ಅವನ ಆಯ್ಕೆ ತಪ್ಪಾಗಿರಲಿಲ್ಲ. ಅಂದು ಇದ್ದುದು ಕರಿಮದ್ದು ಮಾತ್ರ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಈ ಮಿಶ್ರಣದಿಂದ ಗುಂಡಿಗೆ ಸೆಕೆಂಡಿಗೆ 400–500 ಮೀಟರಿಗಿಂತ ಹೆಚ್ಚಿನ ವೇಗವನ್ನು ಕೊಡುವುದು ಕಷ್ಟ. ವೇಗವನ್ನು ಹೆಚ್ಚಿಸಲಾಗದವನು ತೂಕವನ್ನು ಹೆಚ್ಚಿಸಬೇಕು. ತೂಕ ಹೆಚ್ಚಬೇಕಾದರೆ ನಳಿಗೆ ದಪ್ಪವಾಗಬೇಕು. ತಾತನ ಸೂತ್ರ ಆ ಕಾಲದ ಮಟ್ಟಿಗೆ ಸರಿಯಾದುದೇ.

ಆ ಸೂತ್ರವನ್ನು ಕೆಡಿಸಿದವರು ರಸಾಯನಶಾಸ್ತ್ರಜ್ಞರು. 1884ರಲ್ಲಿ ಫ್ರಾನ್ಸಿನ ಪೋಲ್ ವಿಯೇಲ್ ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ಅದರ ಬೆನ್ನಿಗೇ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂದಿತು. ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಥಾಪಿಸಿದ ಕಾರ್ಖಾನೆ ಇದನ್ನು ತಯಾರಿಸುವುದಕ್ಕಾಗಿಯೇ ಹುಟ್ಟಿದ್ದು. ಹೊಸ ಮದ್ದಿನಿಂದ ವೇಗ ಸೆಕೆಂಡಿಗೆ 600, 700 ಮೀಟರಿಗೆ ನೆಗೆಯಿತು. ಅಷ್ಟು ವೇಗದಲ್ಲಿ ಬರಿಯ ಸೀಸದ ಗುಂಡು ತೋಡುಗಳನ್ನು ಹಿಡಿಯಲಾರದೆ ಸವೆದುಹೋಗುತ್ತಿದ್ದುದರಿಂದ ಅದಕ್ಕೆ ಗಟ್ಟಿ ಲೋಹದ ಕವಚ ಬಂದಿತು. ಚಲನಶಕ್ತಿ ದ್ರವ್ಯರಾಶಿಯೊಡನೆ ನೇರವಾಗಿಯೂ ವೇಗದೊಡನೆ ವರ್ಗದ ಪ್ರಮಾಣದಲ್ಲಿಯೂ ಬೆಳೆಯುತ್ತದೆ ಎಂಬುದನ್ನು ವಾಚಕರು ಬಲ್ಲರು. ವೇಗ ಒಂದೂವರೆಯಷ್ಟಾದರೆ ಶಕ್ತಿ ಎರಡೂಕಾಲರಷ್ಟಾಗುತ್ತದೆ. ಅಂದಮೇಲೆ ಕೈಗೆ ಹಗುರವಾದ, ತೆಳುನಳಿಗೆಯ ಕೋವಿಯಿಂದಲೂ ದೊಡ್ಡ ಪ್ರಾಣಿಯನ್ನು ಎದುರಿಸಬಹುದಲ್ಲವೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೊರಗೆ ಹಾಕಬೇಕು. ಗುಂಡಿನ ಧಕ್ಕೆಗೆ ಪ್ರಾಣಿ ಹಾರಿಬಿದ್ದಿತೆಂದು ಬೇಟೆಯ ಕಥೆಗಳಲ್ಲಿ ಓದುತ್ತೇವೆ. ಸಿನಿಮಾದಲ್ಲಂತೂ ದಿನವೂ ನೋಡುತ್ತೇವೆ. ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರನ್ನೇ ತೆಗೆದುಕೊಳ್ಳೋಣ. ಅದರ ಗುಂಡು 300 ಗ್ರೇನ್, ಎಂದರೆ 19.4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಸಂವೇಗ ಸೆಕೆಂಡಿಗೆ ಸುಮಾರು 13 ಕಿಲೋಗ್ರಾಂ-ಮೀಟರ್. 80 ಕಿಲೋಗ್ರಾಂ ತೂಗುವ ಚುಕ್ಕೆಯ ಜಿಂಕೆಯ ಮೈಯಲ್ಲಿ ಈ ಗುಂಡು ಪೂರಾ ನಿಂತುಹೋಯಿತೆಂದರೂ ಜಿಂಕೆಗೆ ದೊರೆಯುವ ವೇಗ ಸೆಕೆಂಡಿಗೆ 16 ಸೆಂಟಿಮೀಟರ್. ತೊಟ್ಟಿಲನ್ನು ಮೆಲ್ಲಗೆ ತೂಗಿದಷ್ಟು! ನಾಲ್ಕು ಟನ್ನಿನ ಆನೆಗೆ ಅತಿ ಭಾರದ ಗುಂಡು ಹೊಡೆದರೂ ಅದು ಸೆಕೆಂಡಿಗೆ ಕೆಲವೇ ಮಿಲಿಮೀಟರ್ ಸರಿದೀತು. ಗುಂಡು ಪ್ರಾಣಿಯನ್ನು ತಳ್ಳಿ ಕೆಡಹುವುದಿಲ್ಲ. ಹೃದಯವನ್ನೋ ಶ್ವಾಸಕೋಶವನ್ನೋ ಮಿದುಳನ್ನೋ ಕೆಡಿಸಿ ಕೊಲ್ಲುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ, ಗುಂಡು ಎಷ್ಟು ಬಲವಾಗಿ ಹೊಡೆಯುತ್ತದೆ ಎಂಬುದಲ್ಲ. ಅದು ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ, ಮುಟ್ಟಿದಲ್ಲಿ ಏನು ಮಾಡುತ್ತದೆ ಎಂಬುದು.

ಎಲ್ಲಿಯವರೆಗೆ ಎಂಬುದನ್ನು ತಿಳಿಯಲು ಒಂದು ಸರಳ ಅಳತೆಯಿದೆ. ಗುಂಡಿನ ತೂಕವನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸುವುದು. ದಬ್ಬಣಕ್ಕೂ ಸುತ್ತಿಗೆಗೂ ಇರುವ ವ್ಯತ್ಯಾಸ ಇದರಲ್ಲಿ ಕಾಣುತ್ತದೆ. ಸ್ಯಾಂಡರ್ಸನ್ ಕಾಲದ ನಾಲ್ಕು ಬೋರಿನ ಸೀಸದ ಗೋಲಿ 113 ಗ್ರಾಂ ಇದ್ದರೂ ಅಗಲವೂ ಹೆಚ್ಚು. ಚದರ ಸೆಂಟಿಮೀಟರಿಗೆ 20 ಗ್ರಾಂ ಮಾತ್ರ. ಆಂಡರ್ಸನನ .405ಕ್ಕೆ 22 ಚಿಲ್ಲರೆ. ಆನೆಯ ಬೇಟೆಗೆಂದೇ ಹುಟ್ಟಿದ, 32.4 ಗ್ರಾಂ ಗುಂಡಿನ .470 ಜೋಡುನಳಿಗೆಯ ಕೋವಿಗೆ 28. ಇನ್ನು 7 ಮಿಲಿಮೀಟರಿನ ತೆಳ್ಳನೆಯ ರೈಫಲ್: ಅದರ ಉದ್ದನೆಯ ಗುಂಡು 11.2 ಗ್ರಾಂ ಮಾತ್ರ, ಆದರೆ ಚದರ ಸೆಂಟಿಮೀಟರಿಗೆ ಭಾಗಿಸಿದರೆ 27ಕ್ಕೆ ಮೇಲೆ! ಶಕ್ತಿಯ ಲೆಕ್ಕದಲ್ಲಿ ಅದು .470ರ ಅರ್ಧಕ್ಕೂ ಕಡಮೆ. ಹೊಕ್ಕುವ ಲೆಕ್ಕದಲ್ಲಿ ಹೆಚ್ಚುಕಡಮೆ ಸಮಾನ. ಸ್ಕಾಟ್ಲೆಂಡಿನ ಬೆಲ್ ಎಂಬ ಬೇಟೆಗಾರ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಅವುಗಳಲ್ಲಿ ಬಹುಪಾಲನ್ನು ಕೊಂದದ್ದು ಈ 7 ಮಿಲಿಮೀಟರಿನಿಂದ. ಆ ಕೊಲೆಯ ಸಂಖ್ಯೆಯನ್ನು ಇಂದು ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಅವನ ಸಾಧನ ಹೇಗೆ ಕೆಲಸ ಮಾಡಿತೆಂಬುದಕ್ಕೆ ಈ ಭಾಗಾಕಾರವೇ ಉತ್ತರ.

ಅರ್ಧ ಉತ್ತರ ಎನ್ನೋಣ. ಉಳಿದರ್ಧ ಅಂಗರಚನಾಶಾಸ್ತ್ರದಲ್ಲಿದೆ. ಆನೆಯ ತಲೆ ಕಾಣುವಷ್ಟು ದೊಡ್ಡ ಗುರಿಯಲ್ಲ. ಆ ಹಿರಿದಾದ ಬುರುಡೆಯ ಬಹುಭಾಗ ಜೇನುಗೂಡಿನಂತೆ ಗಾಳಿಗೂಡುಗಳಿಂದ ತುಂಬಿದ ಎಲುಬು. ನಾಲ್ಕೈದು ಕಿಲೋಗ್ರಾಂ ಮಿದುಳು ಬಹಳ ಹಿಂದೆ, ಕೆಳಗೆ ಅಡಗಿದೆ. ಅಲ್ಲಿಗೆ ಮುಟ್ಟಲು ಗುಂಡು ಆಕಾರ ಕೆಡದೆ ನೇರವಾಗಿ ಹೋಗಬೇಕು. ಅದಕ್ಕಾಗಿ ಮೂತಿಯವರೆಗೂ ಕವಚವಿರುವ ಗಟ್ಟಿ ಗುಂಡು ಬೇಕು. ಜಿಂಕೆಯ ಮಾತು ಬೇರೆ. ಅದರ ಎದೆಗೂಡು ತೆಳುವಾದುದು. ಗಟ್ಟಿ ಗುಂಡು ಸೂಜಿಯಂತೆ ಒಂದು ಪಕ್ಕದಿಂದ ಹೊಕ್ಕು ಇನ್ನೊಂದು ಪಕ್ಕದಿಂದ ಹೊರಟುಹೋದರೆ ಶಕ್ತಿಯೆಲ್ಲ ಹಿಂದಿನ ಮರದ ಪಾಲಾಗುತ್ತದೆ. ಗಾಯಗೊಂಡ ಜಿಂಕೆ ಮೈಲಿಗಟ್ಟಲೆ ಓಡಿ ಪೊದೆಯಲ್ಲಿ ನರಳಿ ಸಾಯುತ್ತದೆ. ಆದುದರಿಂದ ಜಿಂಕೆಗೆ ಮೂತಿಯಲ್ಲಿ ಸೀಸ ತೆರೆದಿರುವ ಮೆದುಗುಂಡನ್ನು ಬಳಸುತ್ತಿದ್ದರು. ಅದು ಒಳಹೊಕ್ಕೊಡನೆ ಅಣಬೆಯಂತೆ ಅರಳಿ ನಿಲ್ಲುತ್ತದೆ. ಒಂದೇ ಕೋವಿ, ಒಂದೇ ಕ್ಯಾಲಿಬರ್, ಎರಡು ಬಗೆಯ ಗುಂಡು, ಎರಡು ಬೇರೆಬೇರೆ ಕೆಲಸ! ಆನೆಗೆ ಮೆದುಗುಂಡನ್ನು ಹೊಡೆದವನು ಎಂಥ ದೊಡ್ಡ ಕೋವಿಯನ್ನು ಹಿಡಿದಿದ್ದರೂ ಅಪಾಯಕ್ಕೆ ಸಿಕ್ಕುತ್ತಿದ್ದ.

ಹೀಗೆ ನೋಡಿದರೆ ಕೋವಿಯ ಮೇಲೆ ಕೆತ್ತಿದ ಸಂಖ್ಯೆ ಹೇಳುವುದು ಬಹಳ ಸ್ವಲ್ಪ. ಅಷ್ಟೇ ಅಲ್ಲ, ಆ ಸಂಖ್ಯೆಗಳು ಎಷ್ಟೋ ಸಲ ವಿಜ್ಞಾನದಿಂದ ಹುಟ್ಟಿದವೇ ಅಲ್ಲ. ಇದಕ್ಕೆ ಭಾರತದ್ದೇ ಸ್ವಾರಸ್ಯದ ಉದಾಹರಣೆಯುಂಟು. 1898ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆ .450 ಕ್ಯಾಲಿಬರಿನ ಹೊಸಮದ್ದಿನ ಕೋವಿಯನ್ನು ತಂದಿತು. ದೊಡ್ಡ ಬೇಟೆಗೆ ಅದೇ ಮಾದರಿ ಎನ್ನಿಸಿಕೊಂಡಿತು. ಆದರೆ ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡೂ .450. ಅಂಥ ಬಂದೂಕುಗಳು ಎಷ್ಟೋ ಕೈತಪ್ಪಿ ಹೋಗಿದ್ದುವು. ಬೇಟೆಯ ತೋಟಾಗಳಿಂದ ಗುಂಡನ್ನು ಕಿತ್ತು ಬಂಡಾಯಗಾರರು ಬಳಸಿಯಾರೆಂಬ ಹೆದರಿಕೆಯಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸರ್ಕಾರ ಭಾರತಕ್ಕೆ .450ರ ಆಮದನ್ನು ನಿಷೇಧಿಸಿತು. ಕೋವಿ ತಯಾರಕರು ಸುಮ್ಮನಿರಲಿಲ್ಲ. .465, .470, .475, .476 ಎಂದು ಸಾಲುಸಾಲಾಗಿ ಹೊಸ ತೋಟಾಗಳು ಹುಟ್ಟಿದುವು. ಕಾಟಿಗಾಗಲಿ ಆನೆಗಾಗಲಿ ಈ ಕೂದಲೆಳೆಯ ಅಂತರಗಳು ತಿಳಿಯುವಂತಿರಲಿಲ್ಲ. ತಿಳಿಯುತ್ತಿದ್ದುದು ಸುಂಕದ ಕಟ್ಟೆಯ ಅಧಿಕಾರಿಗೆ. ಸೈನ್ಯದ .303 ಸಹ ನಾಗರಿಕರಿಗೆ ನಿಷಿದ್ಧವಾಯಿತು. ಅದರ ಸ್ಥಾನದಲ್ಲಿ ಬಂದ .315 ಅನ್ನು ಮಿಲಿಮೀಟರಿಗೆ ತಿರುಗಿಸಿದರೆ ಸರಿಯಾಗಿ 8. ಇಷಾಪುರದ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ ತಯಾರಿಸಿದ ರೈಫಲ್ ಈ ಅಳತೆಯದೇ.

ಆಂಡರ್ಸನನ .405 ಈ ಎಲ್ಲದರ ನಡುವಿನ ಕೋವಿ. ಬೆಂಗಳೂರಿನ ನಿವಾಸಿಯಾಗಿದ್ದ ಅವನು (1910–1974) ಮಾಗಡಿಯ ಚಿರತೆಯ ಕಥೆಯನ್ನೂ ಸಂಗಮದ ಚಿರತೆಯ ಕಥೆಯನ್ನೂ ಬರೆದಿದ್ದಾನೆ. ಅವನ ರೈಫಲ್ 1895ರ ಮಾದರಿಯದು; .405ರ ತೋಟಾ ಅದಕ್ಕೆ 1904ರಲ್ಲಿ ಬಂದಿತು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕಕ್ಕೆ ಬೇಟೆಗೆ ಹೋದಾಗ ಸಿಂಹಗಳಿಗೆಂದು ನೆಚ್ಚಿದ್ದುದು ಇದನ್ನೇ. ಮೇಲಿನ ಭಾಗಾಕಾರ ಹೇಳುವಂತೆ ಹುಲಿ, ಚಿರತೆ, ಕಡವೆಗಳಿಗೆ ಇದು ಧಾರಾಳವಾಗಿ ಸಾಲುತ್ತದೆ. ಆನೆಯ ಬುರುಡೆಗೆ ಕೊಂಚ ಮೊಂಡು.

ಇಷ್ಟನ್ನು ಹೇಳಿದ ಮೇಲೆ ಹುಡುಗ ಸುಮ್ಮನಾಗಲಿಲ್ಲ. “ಹಾಗಾದರೆ ಈಗ ನಮ್ಮ ಹೊಲಕ್ಕೆ ಬಂದ ಆನೆಗೆ ಯಾವುದು ಸರ್?” ಎಂದ.

ಅದಕ್ಕೆ ಉತ್ತರ ಕೊಡುವ ಅಧಿಕಾರ ಇಂದು ಬೇಟೆಗಾರನದಲ್ಲ, ರೈತನದೂ ಅಲ್ಲ. ಕಾಯಿದೆಯ 11ನೆಯ ಪ್ರಕರಣದಂತೆ, ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಪ್ರಾಣಿಯನ್ನು ಕೂಡ, ಹಿಡಿಯಲಾಗದು, ಮಂಪರು ಬರಿಸಲಾಗದು, ಬೇರೆಡೆಗೆ ಸಾಗಿಸಲಾಗದು ಎಂದು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೆ ಮನವರಿಕೆಯಾದ ಹೊರತು ಕೊಲ್ಲಲು ಅಪ್ಪಣೆಯಿಲ್ಲ. ಆದುದರಿಂದ ಅರಣ್ಯ ಇಲಾಖೆಯ ಪಶುವೈದ್ಯರು ಹೆಗಲಿಗೇರಿಸುವುದು ಅರಿವಳಿಕೆಯ ಕೋವಿಯನ್ನು. ಗುಂಡಿನ ಬದಲು ಅದು ಚುಚ್ಚುಮದ್ದಿನ ಅಂಬನ್ನು ಎಸೆಯುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ಇಂಥ ಕೋವಿಗಳು ರೂಪುಗೊಂಡವು. ಬಹಳ ಕಡೆ ಈಗ ಬಳಕೆಯಲ್ಲಿರುವುದು ಇಂಗಾಲದ ಡೈಆಕ್ಸೈಡಿನ ಒತ್ತಡದಿಂದ ನಡೆಯುವಂಥದು. ಅದಕ್ಕೂ ಕ್ಯಾಲಿಬರ್ ಉಂಟು: 11 ಮಿಲಿಮೀಟರ್ ಮತ್ತು 13 ಮಿಲಿಮೀಟರ್. ಎಂದರೆ ಹುಲಿಗೆ ಗುರಿಯಿಟ್ಟ .405ಕ್ಕಿಂತ ದಪ್ಪ!

ಈ ಕೋವಿಯಲ್ಲಿ ಹಳೆಯ ಲೆಕ್ಕವೆಲ್ಲ ತಲೆಕೆಳಗಾಗಿ ನಿಲ್ಲುವುದನ್ನು ನೋಡಿ. ಬೇಟೆಗಾರ ತನ್ನ ಗುಂಡಿನಲ್ಲಿ ಆದಷ್ಟು ಶಕ್ತಿಯಿರಲೆಂದು ಬಯಸುತ್ತಿದ್ದ. ಪಶುವೈದ್ಯ ಆದಷ್ಟು ಕಡಮೆಯಿರಲೆಂದು ಬಯಸುತ್ತಾನೆ. ಔಷಧ ತುಂಬಿದ ಅಂಬು 20 ಗ್ರಾಂ ಇದ್ದು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೋಗುವುದೆಂದು ಇಟ್ಟುಕೊಳ್ಳೋಣ. ತೂಕದಲ್ಲಿ ಅದು .405ರ ಗುಂಡಿಗೆ ಸರಿಸಮಾನ. ಶಕ್ತಿ ಮಾತ್ರ 36 ಜೂಲ್. .405ರ ಶಕ್ತಿ 4,300 ಜೂಲಿಗೂ ಹೆಚ್ಚು. ನೂರಕ್ಕೂ ಹೆಚ್ಚು ಪಟ್ಟು ವ್ಯತ್ಯಾಸ! ಈ 36 ಜೂಲ್ ಕೂಡ ಚುಕ್ಕೆಯ ಜಿಂಕೆಗೆ ಹೆಚ್ಚಾಗಬಹುದು. ತೊಡೆಯ ದಪ್ಪ ಸ್ನಾಯುವನ್ನು ತಪ್ಪಿ ಹೊಟ್ಟೆಗೋ ಕಾಲಿನ ಎಲುಬಿಗೋ ಬಿದ್ದರೆ ಮದ್ದೇ ಮಾರಿಯಾಗುತ್ತದೆ. ಆದುದರಿಂದ ಜಿಂಕೆಗೆ ತೆಳುನಳಿಗೆ, ಹಗುರ ಅಂಬು, ಮೋಟು ಸೂಜಿ, ಕಡಮೆ ಒತ್ತಡ. ಆನೆಗೆ ಎರಡು ಸೆಂಟಿಮೀಟರಿಗೂ ಮೀರಬಲ್ಲ ಚರ್ಮವನ್ನು ದಾಟಿ ಸ್ನಾಯುವನ್ನು ಮುಟ್ಟಬೇಕು. ಅದಕ್ಕೆ ಆರು ಸೆಂಟಿಮೀಟರ್ ಉದ್ದದ ದಪ್ಪ ಸೂಜಿ.

ಕ್ಯಾಲಿಬರನ್ನು ನಿರ್ಧರಿಸುವುದು ಇಲ್ಲಿ ಏನು? ಔಷಧದ ಗಾತ್ರ. 10 ಮಿಲಿಲೀಟರ್ ದ್ರವವನ್ನು 11 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ತುಂಬಿದರೆ, ಕೊಳವೆಯ ದಪ್ಪವನ್ನು ಬಿಟ್ಟು ಲೆಕ್ಕ ಹಾಕಿದರೂ, ಹತ್ತೂವರೆ ಸೆಂಟಿಮೀಟರ್ ಉದ್ದ ಬೇಕು. 13ರಲ್ಲಿ ಏಳೂವರೆ ಸಾಕು. ಉದ್ದವಾದ ಭಾರದ ಅಂಬು ಗಾಳಿಯಲ್ಲಿ ತೊನೆಯುತ್ತದೆ, ಗುರಿ ತಪ್ಪುತ್ತದೆ. ಆದುದರಿಂದ ಹೆಚ್ಚು ಔಷಧ ಬೇಕಾದ ಪ್ರಾಣಿಗೆ ದಪ್ಪ ನಳಿಗೆ. ಆದರೆ ಔಷಧವೇ ತೀಕ್ಷ್ಣವಾದರೆ ಅಂಬು ಮತ್ತೆ ಸಣ್ಣದಾಗಬಲ್ಲುದು. 1960ರಲ್ಲಿ ಎಡಿನ್‌ಬರೋದಲ್ಲಿ ತಯಾರಾದ ಎಟಾರ್ಫಿನ್ ಎಂಬ ಔಷಧ ಮಾರ್ಫಿನಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಅದರ ಕೆಲವೇ ಮಿಲಿಗ್ರಾಂ ಆನೆಯನ್ನು ಮಲಗಿಸುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಝೈಲಾಜಿನ್–ಕೀಟಮಿನ್ ಜೋಡಿಯ ಪ್ರಮಾಣ ಅದಕ್ಕಿಂತ ಎಷ್ಟೋ ದೊಡ್ಡದು. ಕರಿಮದ್ದು ಹೋಗಿ ಕಾರ್ಡೈಟ್ ಬಂದಾಗ ನಳಿಗೆ ತೆಳುವಾಯಿತಷ್ಟೆ; ಇಲ್ಲಿಯೂ ನಳಿಗೆಯ ಗಾತ್ರವನ್ನು ಗೊತ್ತುಮಾಡುವವನು ಕೊನೆಗೆ ರಸಾಯನಶಾಸ್ತ್ರಜ್ಞನೇ.

ಅಂಬಿನ ರಚನೆಯೂ ಜಾಣತನದ್ದು. ಅದರ ಹಿಂದಿನ ಅರೆಯಲ್ಲಿ ಒತ್ತಿ ತುಂಬಿದ ಗಾಳಿ, ನಡುವೆ ಕೊಂತ, ಮುಂದಿನ ಅರೆಯಲ್ಲಿ ಔಷಧ. ಸೂಜಿಯ ತೂತು ತುದಿಯಲ್ಲಿಲ್ಲ, ಪಕ್ಕದಲ್ಲಿದೆ. ಅದನ್ನು ಒಂದು ರಬ್ಬರಿನಂಥ ತೋಳು ಮುಚ್ಚಿರುತ್ತದೆ. ಸೂಜಿ ಚರ್ಮವನ್ನು ಹೊಕ್ಕಾಗ ತೋಳು ಹಿಂದಕ್ಕೆ ಸರಿದು ತೂತು ತೆರೆಯುತ್ತದೆ, ಗಾಳಿ ಕೊಂತವನ್ನು ನೂಕುತ್ತದೆ. ಬಾಲದ ಬಣ್ಣದ ಕುಚ್ಚು ಅಂಬನ್ನು ನೇರವಾಗಿ ಹಿಡಿಯುತ್ತದೆ. ಪೊದೆಯಲ್ಲಿ ಬಿದ್ದರೆ ಹುಡುಕಲೂ ನೆರವಾಗುತ್ತದೆ.

ಇನ್ನು ಗುರಿಯ ಮಾತು. 670 ಮೀಟರ್ ವೇಗದ ಗುಂಡು 30 ಮೀಟರ್ ದೂರವನ್ನು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲಿಗಿಂತ ಕಡಮೆ ಕಾಲದಲ್ಲಿ ದಾಟುತ್ತದೆ. ಅಷ್ಟರಲ್ಲಿ ಗುರುತ್ವದಿಂದ ಅದು ಕೆಳಗಿಳಿಯುವುದು ಒಂದು ಸೆಂಟಿಮೀಟರ್. ಅಂಬಿಗೆ ಅದೇ ದೂರಕ್ಕೆ ಅರ್ಧ ಸೆಕೆಂಡು ಬೇಕು. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಲಿ: ಇಳಿತ ಸುಮಾರು 1.2 ಮೀಟರ್! ನೆಟ್ಟಗೆ ಆನೆಯ ತೊಡೆಗೆ ಗುರಿಯಿಟ್ಟರೆ ಅಂಬು ನೆಲಕ್ಕೆ ಬೀಳುತ್ತದೆ. ದೂರವನ್ನು ಐದು ಮೀಟರ್ ತಪ್ಪಾಗಿ ಅಂದಾಜು ಮಾಡಿದರೂ ಕೆಟ್ಟಿತು. ಅದಕ್ಕಾಗಿ ಕೋವಿಗೆ ಒತ್ತಡದ ಮಾಪಕವಿರುತ್ತದೆ. ದೂರಕ್ಕೂ ಅಂಬಿಗೂ ತಕ್ಕ ಒತ್ತಡದ ಪಟ್ಟಿ ಜೊತೆಗಿರುತ್ತದೆ. ಪಟ್ಟಿಯನ್ನು ನೋಡಿ, ತಿರುಪನ್ನು ತಿರುಗಿಸಿ, ಉಸಿರು ಹಿಡಿದು ಗುರಿಯಿಡಬೇಕು. ಎದುರಿನ ಆನೆ ಮೂವತ್ತು ನಲವತ್ತು ಮೀಟರಿನಲ್ಲಿದೆ ಎಂಬುದನ್ನು ಮರೆಯಬಾರದು.

ಅಂಬು ಸರಿಯಾಗಿ ನಾಟಿತೆನ್ನಿ. ಮಿದುಳಿಗೆ ಬಿದ್ದ ಗುಂಡು ಆ ಕ್ಷಣವೇ ಪ್ರಾಣಿಯನ್ನು ನಿಲ್ಲಿಸುತ್ತದೆ. ಅಂಬು ನಿಲ್ಲಿಸುವುದಿಲ್ಲ. ಔಷಧ ಸ್ನಾಯುವಿನಿಂದ ರಕ್ತಕ್ಕೆ ಸೇರಿ, ರಕ್ತ ಮಿದುಳನ್ನು ಮುಟ್ಟಿ, ಮಂಪರು ಕವಿಯಲು ನಿಮಿಷಗಳೇ ಹಿಡಿಯುತ್ತವೆ. ಎಷ್ಟೋ ವೇಳೆ ಹತ್ತು, ಹದಿನೈದು. ಆ ನಿಮಿಷಗಳಲ್ಲಿ ಕೆರಳಿದ ಆನೆ ತನ್ನ ಪೂರ್ಣ ಬಲದಲ್ಲಿರುತ್ತದೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮನೆಂಬ ಕಾಡಾನೆಗೆ ಚಿಕಿತ್ಸೆ ಮಾಡುವ ಸಲುವಾಗಿ ಅರಿವಳಿಕೆಯ ಅಂಬನ್ನು ಹೊಡೆದ ಎಚ್. ಎಚ್. ವೆಂಕಟೇಶರನ್ನು ಅದೇ ಆನೆ ತಿರುಗಿಬಿದ್ದು ಕೊಂದಿತು. ಈ ಕೆಲಸದಲ್ಲಿ ಅವರಿಗಿದ್ದ ಕೌಶಲದಿಂದ ಜನ ಅವರನ್ನು ಆನೆ ವೆಂಕಟೇಶ್ ಎಂದೇ ಕರೆಯುತ್ತಿದ್ದರು. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರದ ಬಳಿ ಕಾಡಾನೆಯೊಂದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಎಂಟು ವರ್ಷ ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಅರ್ಜುನ ಕಾದಾಡಿ ಮಡಿದ.

ಆನೆ ಮಂಪರಿಗೆ ಬಿದ್ದ ಮೇಲೂ ಕೆಲಸ ಮುಗಿಯದು. ಬೇರೆ ಸಸ್ತನಿಗಳಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಇರುವ ತೆಳು ಅವಕಾಶ ಆನೆಯಲ್ಲಿಲ್ಲ. ಶ್ವಾಸಕೋಶವು ಎದೆಯ ಗೋಡೆಗೇ ಅಂಟಿಕೊಂಡಿದೆ. ಎದೆಗೂಡು ಹಿಗ್ಗಿದರೆ ಮಾತ್ರ ಉಸಿರು. ಎದೆಯ ಮೇಲೆ ಮೊಗಚಿ ಬಿದ್ದರೆ ತನ್ನ ಭಾರಕ್ಕೇ ಉಸಿರುಗಟ್ಟುತ್ತದೆ. ಅದನ್ನು ಪಕ್ಕಕ್ಕೆ ಉರುಳಿಸಬೇಕು, ಅದಕ್ಕೆ ಪಳಗಿದ ಆನೆಗಳು ಬೇಕು. 2016ರಲ್ಲಿ ಮಾಗಡಿಯ ಕಡೆ ಮಂಚನಬೆಲೆ ಜಲಾಶಯದ ಹಿನ್ನೀರಿನ ಬಳಿ ಮುಂಗಾಲು ಮುರಿದುಕೊಂಡ ಸಿದ್ದನೆಂಬ ಕಾಡಾನೆಯನ್ನು ನಮ್ಮ ಈ ಸೀಮೆಯ ಜನ ಮರೆತಿಲ್ಲ. ಅದು ಒರಗಿ ನಿಲ್ಲಲೆಂದು ಸೈನ್ಯದ ಎಂಜಿನಿಯರುಗಳು ಉಕ್ಕಿನ ಆಸರೆಯನ್ನೇ ಕಟ್ಟಿಕೊಟ್ಟರು. ಮೂರು ತಿಂಗಳಿಗೂ ಹೆಚ್ಚು ಕಾಲ ಹೆಣಗಿ, ಡಿಸೆಂಬರಿನಲ್ಲಿ ಅದು ಸತ್ತಿತು. ಜಿಂಕೆಯಂಥ ಸಣ್ಣ ಪ್ರಾಣಿಯ ಅಪಾಯವೇ ಬೇರೆ. ಬೆನ್ನಟ್ಟಿಸಿಕೊಂಡು ಬೆದರಿ ಓಡಿದ ಜಿಂಕೆಯ ಸ್ನಾಯುಗಳು ಒಳಗೇ ಕೆಟ್ಟು, ಎದ್ದು ಕಾಡಿಗೆ ಹೋದದ್ದು ಕೆಲವು ದಿನಗಳ ಮೇಲೆ ಸಾಯುವುದುಂಟು. ಹೀಗಾಗಿ ಪ್ರಾಣಿ ಸಣ್ಣದಾದಷ್ಟೂ ಕೆಲಸ ಸುಲಭವೆಂಬ ಸೂತ್ರವೂ ನಿಲ್ಲುವುದಿಲ್ಲ.

ತಾತ ಇದನ್ನೆಲ್ಲ ಕೇಳಿ, “ಹಾಗಾದರೆ ನಮ್ಮ ಕೇಪಿನ ಕೋವಿ ಯಾತಕ್ಕೂ ಬಾರದು ಅನ್ನಿ” ಎಂದರು. ಸದ್ದಿಗೆ ಬಂದೀತು. ಆದರೆ ಅದರಿಂದ ಚರೆಯನ್ನು ಹೊಡೆದರೆ ಆನೆಯ ಚರ್ಮದಲ್ಲಿ ನಿಂತು ಕೀವಾಗುವುದಲ್ಲದೆ ಬೇರೇನೂ ಆಗದು; ಕಾಲಿನಲ್ಲಿ ಕೀವು ತುಂಬಿದ ಆನೆ ಕಾಡಿಗೆ ಹಿಂದಿರುಗಲಾರದೆ ಹೊಲದಂಚಿನಲ್ಲಿಯೇ ಉಳಿಯುತ್ತದೆ, ಕಂಡವರ ಮೇಲೆ ಏರಿಬರುತ್ತದೆ. ಇದನ್ನು ಹೇಳಿದಾಗ ಅವರು ಏನೂ ಮಾತನಾಡಲಿಲ್ಲ.

ಹುಡುಗ ಮಾತ್ರ ಒಳಗಿನಿಂದ ತನ್ನ ಜ್ಯಾಮಿತಿಯ ಪೆಟ್ಟಿಗೆಯನ್ನು ತಂದ. ತಾತ ಕೋವಿಯನ್ನು ಇಳಿಸಿ, ಕೇಪಿಲ್ಲವೆಂದು ನೋಡಿ, ಗಜವನ್ನು ನಳಿಗೆಯ ತಳದವರೆಗೂ ಬಿಟ್ಟು ಬರಿದೆಂದು ತೋರಿಸಿಕೊಟ್ಟ ಮೇಲೆ, ಅವನು ಅದರ ಬಾಯಿಗೆ ಅಡಿಪಟ್ಟಿಯನ್ನಿಟ್ಟು ಅಳೆದ. ಹದಿನೇಳು ಮಿಲಿಮೀಟರಿಗೆ ಕೂದಲೆಳೆ ಕಡಮೆ. ಪುಸ್ತಕದ ಹಿಂದಿನ ಹಾಳೆಯಲ್ಲಿ ಗೋಲದ ಸೂತ್ರವನ್ನು ಬರೆದು, ನಲವತ್ತನ್ನು ಬಂದ ಉತ್ತರದಿಂದ ಭಾಗಿಸಿ, “ಹದಿನಾರು ಬೋರ್, ತಾತ” ಎಂದ. ತಾತ ಕೋವಿಯನ್ನು ಒರೆಸಿ ಮತ್ತೆ ಗೂಟಕ್ಕೆ ತೂಗುಹಾಕಿದರು. ಅಷ್ಟು ಹೊತ್ತಿಗೆ ಸಂಜೆಯಾಗಿತ್ತು. ಅವರು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಬ್ಯಾಟರಿಯನ್ನೂ ಒಂದು ಖಾಲಿ ಡಬ್ಬವನ್ನೂ ತೆಗೆದುಕೊಂಡು ಅಟ್ಟಣೆಯ ಕಡೆಗೆ ಹೊರಟರು.